ಹೊಡೆದು ಹಾಕಿದ ಇಪ್ಪತ್ತನೆಯ ಹಕ್ಕಿ

ಹೋದ ತಿಂಗಳು ಹಾವೇರಿಯಿಂದ ವಾಪಸು ಬರುವಾಗ ಸ್ಟೇಷನ್ನಿನಲ್ಲಿ ರೈಲು ಮುಕ್ಕಾಲು ತಾಸು ತಡ ಅಂದರು. ಕಲ್ಲುಬೆಂಚಿನ ಮೇಲೆ ಕೈಚೀಲ ಇಟ್ಟುಕೊಂಡು ಕುಳಿತಿದ್ದೆ. ಹಿಂದಿನ ಬೇವಿನ ಮರದೊಳಗಿಂದ ಸಣ್ಣಗೆ ಒಂದು ಸದ್ದು ಬಂತು. ಟರ್‌ರ್‌ರ್ ಎಂದು, ಬೆಂಕಿಪೆಟ್ಟಿಗೆಯಲ್ಲಿ ನಾಲ್ಕು ಕಾಳು ಹಾಕಿ ಅಲ್ಲಾಡಿಸಿದ ಹಾಗೆ. ನಾನು ತಿರುಗಿ ನೋಡಲಿಲ್ಲ. ನೋಡುವ ಅಗತ್ಯ ಇರಲಿಲ್ಲ. ಈಗ ನನಗೆ ಆ ಒಂದು ಸದ್ದಿಗೇ ಹಕ್ಕಿ ಯಾವುದೆಂದು ತಿಳಿಯುತ್ತದೆ. ಆ ವರ್ಷ ಮೂರು ತಿಂಗಳು ಕಣ್ಣ ಮುಂದೆಯೇ ಇದ್ದರೂ ತಿಳಿಯಲಿಲ್ಲ. ಅದು ನೆನಪಾಗಿ ಕುಳಿತಲ್ಲೇ ಸಿಟ್ಟು ಬಂತು. ಇಷ್ಟು ವರ್ಷದ ಮೇಲೂ ಬರುತ್ತದೆ.

ಹಾವೇರಿಯಲ್ಲಿ ಬೆಳೆದ ನನ್ನ ಮಗಳ ಮಕ್ಕಳು, ಶಿವು, ಪಮ್ಮಿ, ನಿಮ್ಮಿಬ್ಬರಿಗೆ ಈ ಸಂಗತಿ ಗೊತ್ತಿಲ್ಲ. ನಿಮ್ಮ ಮಾವನ ಮಗಳು ನೀಲಾಗೆ ಗೊತ್ತು, ಆದರೆ ಅವಳಿಗೆ ಗೊತ್ತಿರುವುದು ಅವಳ ಕಡೆಯದು. ನನ್ನ ಕಡೆಯದನ್ನು ನಾನು ಯಾರ ಮುಂದೆಯೂ ಬಾಯಿಬಿಟ್ಟು ಹೇಳಿಲ್ಲ. ಅದು ನನಗೆ ಮೊದಲಿನಿಂದಲೂ ಆಗದ ಕೆಲಸ. ಕಾಗಿನೆಲೆ ಹತ್ತಿರದ ನಮ್ಮ ಊರ ಶಾಲೆಯಲ್ಲಿ ಏಳನೇ ಇಯತ್ತೆವರೆಗೆ ಕಲಿತೆ. ಉತ್ತರ ಬರುತ್ತಿದ್ದರೂ ಎದ್ದು ನಿಂತು ಹೇಳಲಾಗದೆ ಪೆಟ್ಟು ತಿಂದವಳು ನಾನು. ಬರೆಯುವಾಗ ಯಾರೂ ಎದುರಿಗೆ ಕುಳಿತು ಮುಖ ನೋಡುವುದಿಲ್ಲ. ಅದಕ್ಕೇ ನಿಮ್ಮ ಮೂವರಿಗೂ ಬರೆಯುತ್ತಿದ್ದೇನೆ.

ನಿಮ್ಮ ಅಜ್ಜ ತೀರಿಕೊಂಡು ಎರಡು ವರ್ಷವಾಗಿತ್ತು. ಬ್ಯಾಡಗಿಯ ಮನೆಯಲ್ಲಿ ಹಗಲು ಹೊತ್ತು ಯಾರೂ ಇರುತ್ತಿರಲಿಲ್ಲ. ನಿಮ್ಮ ಮಾವ ಟೆಂಪೊ ತೆಗೆದುಕೊಂಡು ಹೋದರೆ ಸಂಜೆಗೇ ಬರುವುದು. ನಿಮ್ಮ ಅತ್ತಿ ಹೊಲಿಗೆ ಅಂಗಡಿಗೆ ಹೋಗುತ್ತಿದ್ದಳು, ನೀಲಾ ಶಾಲೆಗೆ. ಒಬ್ಬಳೇ ಮನೆಯಲ್ಲಿ ಕೂತು ಏನು ಮಾಡುತ್ತೀ ಎಂದು ಪಕ್ಕದ ಮನೆಯ ಫಕೀರವ್ವ ನನ್ನನ್ನು ಮೆಣಸಿನಕಾಯಿ ಗೋದಾಮಿಗೆ ಕರೆದುಕೊಂಡು ಹೋದಳು. ಕಾಯಿಯ ತೊಟ್ಟು ಬಿಡಿಸುವುದು, ಬಣ್ಣ ನೋಡಿ ಬೇರೆ ಮಾಡುವುದು, ಇಷ್ಟೇ ಕೆಲಸ. ನಮ್ಮ ಬ್ಯಾಡಗಿ ಕಾಯಿಗೆ ಖಾರ ಕಡಿಮೆ, ಬಣ್ಣ ಹೆಚ್ಚು. ಬಣ್ಣ ನೋಡಿಯೇ ಅದನ್ನು ಕೊಳ್ಳುತ್ತಾರೆ. ಗಾಢ ಕೆಂಪು ಒಂದು ಗುಡ್ಡೆ, ಬಿಳಚಿದ್ದು ಇನ್ನೊಂದು ಗುಡ್ಡೆ. ದಿನಕ್ಕೆ ಎಂಟು ತಾಸು ಹೀಗೆ ನೋಡಿ ನೋಡಿ ನನ್ನ ಕಣ್ಣು ಎಲ್ಲದರಲ್ಲೂ ಮೊದಲು ಕೆಂಪನ್ನು ಹುಡುಕುವುದನ್ನು ಕಲಿತಿತ್ತು. ಇದನ್ನು ಯಾಕೆ ಹೇಳುತ್ತೇನೆಂದರೆ, ಮುಂದೆ ಆದ ತಪ್ಪೆಲ್ಲ ಈ ಕಣ್ಣಿನದು.

ನೀಲಾ ಆಗ ಆರನೇ ಇಯತ್ತೆ. ಅವಳ ಶಾಲೆಯಲ್ಲಿ ವಿಜ್ಞಾನ ಕಲಿಸುವ ಅಕ್ಕೋರು, ಊರಿನಲ್ಲಿ ಕಾಣುವ ಇಪ್ಪತ್ತು ಹಕ್ಕಿಗಳ ಬಗ್ಗೆ ಬರೆದುಕೊಂಡು ಬರಲು ಹೇಳಿದ್ದರು. ಯಾರ ನೋಟುಬುಕ್ಕು ಚೆನ್ನಾಗಿದೆಯೋ ಅವರನ್ನು ಹಾವೇರಿಯ ಪ್ರದರ್ಶನಕ್ಕೆ ಕರೆದೊಯ್ಯುತ್ತಾರಂತೆ. ನೀಲಾ ದೀಪಾವಳಿಯಿಂದಲೇ ಶುರು ಮಾಡಿದ್ದಳು. ಕಾಗೆ, ಗುಬ್ಬಿ, ಗೊರವಂಕ, ಮರಕುಟಿಗ, ಗಿಳಿ ಎಲ್ಲ ಸೇರಿ ಹತ್ತೊಂಬತ್ತು ಆಗಿ ನಿಂತಿತ್ತು. ದಿನಾ ಸಂಜೆ ನಾನು ಕೈ ತೊಳೆದು ಬರುವುದನ್ನೇ ಕಾಯುತ್ತಿದ್ದಳು. ಖಾರ ಹತ್ತಿದ ನನ್ನ ಕೈಗೆ ಕೊಬ್ಬರಿ ಎಣ್ಣೆ ಸವರುತ್ತ ಕೇಳುತ್ತಿದ್ದಳು:

"ಅಜ್ಜಿ, ಇವತ್ತ ಹೊಸಾದು ಯಾವುದರ ಕಾಣ್ತೇನ?"

ಡಿಸೆಂಬರ್‌ನಲ್ಲಿ ಒಂದು ದಿನ ಕಂಡಿತು. ಗೋದಾಮಿನ ಹಿಂದೆ ಒಂದು ದೊಡ್ಡ ಹುಣಸೆಮರ, ಅದರ ಬಳಿ ನಾಲ್ಕೈದು ಬೇವು, ಹೊಂಗೆ. ಊಟಕ್ಕೆ ಅಲ್ಲಿ ಕೂರುತ್ತಿದ್ದೆವು. ಅವತ್ತು ರೊಟ್ಟಿ ಮುರಿಯುತ್ತಿದ್ದಾಗ, ಒಂದಾಳು ಎತ್ತರದ ಕೊಂಬೆಯ ಮೇಲೆ ಒಂದು ಹಕ್ಕಿ ಬಂದು ಕುಳಿತಿತು. ಗುಬ್ಬಿಗಿಂತ ಸಣ್ಣದು, ಮಣ್ಣಿನ ಬಣ್ಣ, ದೊಡ್ಡ ಕಣ್ಣು. ಗಂಟಲ ಮೇಲೆ ಕಿತ್ತಳೆ ಬೆರೆತ ಕೆಂಪು. ಮೊದಲ ದರ್ಜೆಯ ಕಾಯಿಯ ಕೆಂಪಲ್ಲ, ಕಿತ್ತು ಎಂಟು ದಿನ ಬಿಸಿಲು ಕಂಡ ಕಾಯಿಯ ಕೆಂಪು. ನೆಲಕ್ಕೆ ಇಳಿದು ಏನೋ ಕುಕ್ಕಿಕೊಂಡು ಮತ್ತೆ ಅದೇ ಕೊಂಬೆಗೆ ಹೋಯಿತು.

ನಾನು ಫಕೀರವ್ವನ ಮೊಳಕೈ ಮುಟ್ಟಿ ತೋರಿಸಿದೆ. ಅವಳು ಸೆರಗಿನಿಂದ ಮೂಗು ಒರೆಸಿಕೊಂಡು ಒಂದು ಸಲ ನೋಡಿದಳು.

"ಗುಬ್ಬಿ ಬೇ ಅದು. ಕಾಯಿ ರಾಶ್ಯಾಗ ಬಿದ್ದ ಎದ್ದೈತಿ. ನನ್ನ ಮುಖಾ ನೋಡು, ನಾನೂ ಹಂಗ ಅದೇನಿ. ನನ್ನೂ ಬರಸು ನಿನ್ನ ಮೊಮ್ಮಗಳ ಪುಸ್ತಕದಾಗ."

ಎಲ್ಲರೂ ನಕ್ಕರು. ಅವಳ ಮಾತು ಸುಳ್ಳೂ ಅಲ್ಲ. ನಮ್ಮ ಮಾರುಕಟ್ಟೆ ಯಾರ್ಡಿನಲ್ಲಿ ಗುಬ್ಬಿಗಳ ರೆಕ್ಕೆ, ನಾಯಿಯ ಬೆನ್ನು, ಹಮಾಲರ ಹುಬ್ಬು, ಎಲ್ಲವೂ ಸುಗ್ಗಿಯಲ್ಲಿ ಕೆಂಪಾಗುತ್ತವೆ. ಆದರೆ ಧೂಳು ಹತ್ತಿದರೆ ಇಷ್ಟು ಅಚ್ಚುಕಟ್ಟಾಗಿ ಗಂಟಲಿಗೆ ಮಾತ್ರ ಹತ್ತುತ್ತದೆಯೇ ಎಂದು ಒಳಗೇ ಅನ್ನಿಸಿತು. ಸಂಜೆ ನೀಲಾಗೆ ಹೇಳಿದೆ, ಧೂಳಲ್ಲ ಎಂದೂ ಹೇಳಿದೆ. ಅವಳು ಅಲ್ಲೇ ಇಪ್ಪತ್ತನೆಯದಾಗಿ ಬರೆದುಕೊಂಡಳು. ಕಂದು ಮೈ, ಕೆಂಪು ಗಂಟಲು, ಹುಣಸೆಮರದಲ್ಲಿ ವಾಸ, ಹೆಸರು ತಿಳಿಯಬೇಕು.

ಆಮೇಲಿನ ಎರಡು ಭಾನುವಾರ ಅವಳನ್ನು ಗೋದಾಮಿನ ಹಿಂದಕ್ಕೆ ಕರೆದುಕೊಂಡು ಹೋದೆ. ದಿನಾ ಎದುರಿಗೆ ಬಂದು ಕೂರುತ್ತಿದ್ದ ಹಕ್ಕಿ ಆ ಎರಡು ದಿನವೂ ಹೊರಗೆ ಬರಲಿಲ್ಲ. ಮರದೊಳಗೆ ಎಲ್ಲೋ ಟರ್‌ರ್‌ರ್ ಎನ್ನುತ್ತಿತ್ತು. ಅದು ಆ ಹಕ್ಕಿಯ ಸದ್ದೆಂದು ಆಗ ನನಗೆ ಗೊತ್ತಿರಲಿಲ್ಲ. ಅಳಿಲು ಇರಬೇಕು ಅಂದೆ. ಕುತ್ತಿಗೆ ನೋಯುವವರೆಗೆ ಮೇಲೆ ನೋಡಿ ನೀಲಾ ಮನೆಗೆ ಬಂದಳು. ಸೋಮವಾರ ಮಧ್ಯಾಹ್ನ ಹಕ್ಕಿ ಮತ್ತೆ ಅದೇ ಕೊಂಬೆಯ ಮೇಲೆ. ಅದಕ್ಕೆ ಒಂದು ಹೊಡೆಯಬೇಕು ಅನ್ನಿಸಿತು.

ಜನವರಿಯಲ್ಲಿ ನೋಟುಬುಕ್ಕು ನೋಡುವಾಗ ಅಕ್ಕೋರು ಇಪ್ಪತ್ತನೆಯ ಹಕ್ಕಿಯ ಹೆಸರು ಕೇಳಿದರು. ಗೊತ್ತಿಲ್ಲ ಎಂದಳು ನೀಲಾ. ನೀನು ನೋಡಿದ್ದೀಯಾ ಎಂದರು. "ನಾ ನೋಡಿಲ್ರಿ, ನಮ್ಮಜ್ಜಿ ನೋಡ್ಯಾಳ" ಎಂದಳು. ಗಂಟಲು ಮಾತ್ರ ಕೆಂಪು, ಗೋದಾಮಿನ ಹಿಂದೆ ಇರುತ್ತದೆ ಅಂದಾಗ ಇಡೀ ವರ್ಗ ನಕ್ಕಿತು. ಬ್ಯಾಡಗಿಯ ಮಕ್ಕಳಿಗೆ ಕೆಂಪು ಗುಬ್ಬಿ ಹೊಸದಲ್ಲ. ಎಂಟು ದಿನದಲ್ಲಿ ಹೆಸರು ತಿಳಿದುಕೊಂಡು ಬಾ, ಇಲ್ಲದಿದ್ದರೆ ಅದನ್ನು ಹೊಡೆದು ಹಾಕಿ ಬೇರೆ ಬರೆ ಎಂದರು ಅಕ್ಕೋರು. ಅವತ್ತಿನಿಂದ ಹುಡುಗರು ನೀಲಾಳನ್ನು ಖಾರದ ಗುಬ್ಬಿ ಎಂದು ಕರೆಯಲು ಶುರು ಮಾಡಿದರು.

ಅವಳು ಅಳಲಿಲ್ಲ. ಮನೆಗೆ ಬಂದು ಇಷ್ಟೇ ಹೇಳಿದಳು: "ನೀ ನೋಡೀದಿ ಅಂದ ಮ್ಯಾಲೆ ಐತಿ. ಹೆಸರು ಹುಡುಕೂಣು."

ಈ ಮಾತು ನನ್ನನ್ನು ರಾಣೆಬೆನ್ನೂರಿಗೆ ಹೊರಡಿಸಿತು. ಒಬ್ಬಳೇ ಬಸ್ಸು ಹತ್ತಿ ಹೋದದ್ದು ಅದೇ ಮೊದಲು. ನಿಮ್ಮ ಅಜ್ಜನ ತಮ್ಮ ಬಸಣ್ಣ ಅಲ್ಲಿನ ಕೃಷ್ಣಮೃಗದ ಕಾಡಿನಲ್ಲಿ ಕಾವಲುಗಾರ. ಕಾಡಿನವನಿಗೆ ಗೊತ್ತಿರದೆ ಇರುತ್ತದೆಯೇ ಎಂದು ನನ್ನ ಲೆಕ್ಕ. ಬಸ್ ನಿಲ್ದಾಣಕ್ಕೇ ಬಂದು ಕರೆದುಕೊಂಡು ಹೋದ, ಮನೆಯಲ್ಲಿ ಅವಲಕ್ಕಿ ಕೊಟ್ಟು ಎಲ್ಲ ಕೇಳಿಸಿಕೊಂಡ.

"ವೈನಿ, ನನಗ ಚಿಗರಿ ಕೇಳ್ರಿ, ತ್ವಾಳ ಕೇಳ್ರಿ, ಹೇಳ್ತೇನಿ. ಈ ಬಟ್ಟಿನಷ್ಟು ಹಕ್ಕಿ ನನ್ನ ಕಣ್ಣಿಗೆ ಬಿದ್ದರ ನಾ ಚಿಗರಿ ಕಾಯೂದು ಯಾವಾಗ?"

ಆದರೂ ಒಳಗಿನಿಂದ ಹಳೆಯ ಹಕ್ಕಿಗಳ ಚಿತ್ರಪಟ ತಂದು ಹಾಸಿದ. ಬಿಸಿಲಿಗೆ ಬಣ್ಣ ಹೋಗಿ ಎಲ್ಲ ಹಕ್ಕಿಗಳೂ ನೀಲಿ ಬೂದಿಯಾಗಿದ್ದವು. ಅದರಲ್ಲಿ ನಾನು ಕೆಂಪು ಹುಡುಕಿದೆ. ಬಸಣ್ಣ ತನ್ನ ಫೋನಿನಲ್ಲಿ ಹುಡುಕಬಹುದು, ಫೋಟೋ ಇದ್ದರೆ ಕೊಡಿ ಅಂದ. ನಿಮ್ಮ ಮಾವ ಒಂದು ಮಧ್ಯಾಹ್ನ ಗೋದಾಮಿಗೆ ಬಂದಾಗ ನಾನು ಬೆರಳು ತೋರಿಸಿದ ಕಡೆ ಹೊಡೆದುಕೊಟ್ಟ ಫೋಟೋ ನನ್ನ ಫೋನಿನಲ್ಲಿ ಇತ್ತು. ಬಸಣ್ಣ ಅದನ್ನು ದೊಡ್ಡದು ಮಾಡಿ ಅತ್ತಿತ್ತ ತಿರುಗಿಸಿದ.

"ಹುಣಸಿ ಎಲಿ ಛಂದ ಬಂದಾವು" ಎಂದ.

ಆಮೇಲೆ ಫೋನು ಕೆಳಗಿಟ್ಟು ಒಂದು ಮಾತು ಕೇಳಿದ. "ಹೋಗ್ಲಿ, ಅದರ ನಡತಿ ಹೇಳ್ರಿ. ಹೆಂಗ ಕುಂದರತೈತಿ, ಬಾಲಾ ಏನ ಮಾಡತೈತಿ, ಹೆಂಗ ಒದರತೈತಿ? ನಮ್ಮ ಸಾಹೇಬರು ಹಕ್ಕಿ ಅಂದ ಕೂಡಲೆ ಅದನ್ನ ಕೇಳ್ತಾರ."

ನಾನು ಬಾಯಿ ತೆರೆದೆ. ಗಂಟಲು ಕೆಂಪು ಅಂದೆ. ಅದು ಆಯಿತಲ್ಲ, ಮತ್ತೇನು ಅಂದ. ಕೆಂಪು, ಸ್ವಲ್ಪ ಕಿತ್ತಳೆ ಅಂದೆ. ಐದು ವಾರ ದಿನಾ ಊಟದ ಹೊತ್ತಿಗೆ ನೋಡಿದ್ದೇನೆ, ಅದರ ಬಾಲ ಎಂಥದ್ದೆಂದು ನನಗೆ ಗೊತ್ತಿಲ್ಲ. ಕಾಯಿ ಆರಿಸಿದ ಹಾಗೆ ಆ ಹಕ್ಕಿಯನ್ನೂ ಆರಿಸಿ ಒಂದು ಗುಡ್ಡೆಗೆ ಹಾಕಿ ಸುಮ್ಮನಾಗಿದ್ದೆ. ಬಸ್ಸಿನಲ್ಲಿ ವಾಪಸು ಬರುವಾಗ ನನ್ನ ಮೇಲೆ ನನಗೇ ಹೇಸಿಗೆಯಾಯಿತು. ನಾಳೆಯಿಂದ ಬಾಲ ನೋಡಬೇಕು ಎಂದುಕೊಂಡೆ.

ಆ ನಾಳೆಗೆ ಮಳೆ ಬಂತು. ಆ ತಿಂಗಳಲ್ಲಿ ಬರಬಾರದ ಮಳೆ. ಯಾರ್ಡಿನಲ್ಲಿ ಬಯಲಿಗೆ ಸುರುವಿದ್ದ ಕಾಯಿಯ ಮೇಲೆ ತಾಡಪತ್ರಿ ಎಳೆಯಲು ಹಮಾಲರು, ರೈತರು, ನಾವು ಹೆಂಗಸರು ಎಲ್ಲ ಓಡಿದೆವು. ಎರಡು ದಿನ ಹಿಡಿದು ಹೊಡೆಯಿತು. ಗಟಾರದಲ್ಲಿ ಕೆಂಪು ನೀರು ಹರಿಯಿತು. ಮೂರನೆಯ ದಿನ ಬಿಸಿಲು ಬಿದ್ದಾಗ ಊಟಕ್ಕೆ ಹುಣಸೆಮರದ ಕೆಳಗೆ ಹೋದೆ. ಹಕ್ಕಿ ಬಂತು. ಅದೇ ಗಾತ್ರ, ಅದೇ ಕಂದು ಮೈ, ಅದೇ ಕಣ್ಣು. ಗಂಟಲು ಮಾತ್ರ ಮಾಸಲು ಬಿಳಿ.

ಫಕೀರವ್ವ ನನಗಿಂತ ಮೊದಲು ನೋಡಿದಳು. "ನೋಡಿದೆಲ್ಲ? ಜಳಕಾ ಮಾಡಿ ಬಂದೈತಿ ನಿಮ್ಮ ಗುಬ್ಬಿ."

ಅವಳು ಕುಹಕಕ್ಕೆ ಅಂದದ್ದಲ್ಲ. ನಾನು ಮಾತ್ರ ರೊಟ್ಟಿ ಕಟ್ಟಿಟ್ಟು ಎದ್ದೆ. ಮರುದಿನವೂ ಬಿಳಿ, ಅದರ ಮರುದಿನವೂ ಬಿಳಿ. ಅಕ್ಕೋರು ಕೊಟ್ಟ ಎಂಟು ದಿನ ಅವತ್ತಿಗೆ ಮುಗಿಯುತ್ತಿತ್ತು. ಆ ಸಂಜೆ ನೀಲಾ ಎಣ್ಣೆ ಬಟ್ಟಲು ಹಿಡಿದು ಬಂದಾಗ ನಾನು ಹೇಳಿದೆ: "ಅದನ್ನ ಹೊಡದ ಹಾಕವ್ವ. ಮಳೀಗೆ ಬಣ್ಣ ತೊಳಕೊಂಡು ಹೋತು. ಧೂಳನ ಇತ್ತು."

ನೀಲಾ ಬಟ್ಟಲು ಕೆಳಗಿಟ್ಟಳು. "ಧೂಳಲ್ಲ ಅಂದಿದ್ದಿ."

"ನನಗ ತಪ್ಪಿ ಕಂಡಿತ್ತು."

"ನೀನ ಹೇಳಿದ್ದೆಲ್ಲ, ಅಜ್ಜಿ. ನಾ ಎಲ್ಲಾರ ಮುಂದ ಹೇಳೇನಿ."

ಅವಳು ಅಳತೆಪಟ್ಟಿ ಇಟ್ಟು ಆ ಸಾಲಿನ ಮೇಲೆ ಒಂದು ಗೆರೆ ಎಳೆದಳು. ಗೆರೆ ನೇರವಾಗಿ ಬರಲೆಂದು ಎಷ್ಟು ಜಾಗ್ರತೆಯಿಂದ ಎಳೆದಳೆಂದರೆ ನನಗೆ ನೋಡಲಾಗಲಿಲ್ಲ. ಅದರ ಜಾಗಕ್ಕೆ ಬೇರೆ ಹಕ್ಕಿ ಬರೆಯಲಿಲ್ಲ. ಮಳೆಗೆ ಬಣ್ಣ ಹೋಯಿತಂತೆ ಎಂದು ವರ್ಗದಲ್ಲಿ ಹೇಳಿ ಹತ್ತೊಂಬತ್ತಕ್ಕೇ ಒಪ್ಪಿಸಿದಳು. ಹಾವೇರಿಗೆ ಬೇರೊಬ್ಬ ಹುಡುಗಿ ಹೋದಳು. ಅದಕ್ಕಿಂತ ನನಗೆ ಹತ್ತಿದ್ದು ಬೇರೆ. ಆಮೇಲೆ ಅವಳು ಸಂಜೆ ಹೊಸದು ಏನು ಕಂಡಿತು ಎಂದು ಕೇಳುವುದನ್ನು ಬಿಟ್ಟಳು. ಎಣ್ಣೆ ಸವರುತ್ತಿದ್ದಳು, ಅದನ್ನು ಬಿಡಲಿಲ್ಲ. ಸುಮ್ಮನೆ ಸವರಿ ಎದ್ದು ಹೋಗುತ್ತಿದ್ದಳು.

ಫೆಬ್ರವರಿಯಿಡೀ ಗೋದಾಮಿನಲ್ಲಿ ತಲೆ ಎತ್ತಲು ಪುರುಸೊತ್ತಿರಲಿಲ್ಲ. ರೈಲ್ವೆ ಗೇಟಿನವರೆಗೆ ಕಾಯಿ ತುಂಬಿದ ಗಾಡಿಗಳ ಸಾಲು. ಊಟಕ್ಕೆ ಕೂತರೂ ನಾನು ಹುಣಸೆಮರಕ್ಕೆ ಬೆನ್ನು ಮಾಡಿ ಕೂರುತ್ತಿದ್ದೆ. ಮಾರ್ಚ್ ಮೊದಲ ವಾರದಲ್ಲಿ, ಬೆನ್ನ ಹಿಂದೆ ಟರ್‌ರ್‌ರ್ ಎಂಬ ಸದ್ದು ಎರಡು ಕಡೆಯಿಂದ ಒಂದೇ ಸಲ ಬಂತು. ಅಳಿಲುಗಳು ಜಗಳಾಡುತ್ತಿವೆ ಎಂದು ತಿರುಗಿದೆ. ಕೆಂಪು ಗಂಟಲಿನದು ಕೊಂಬೆಯ ತುದಿಯಲ್ಲಿತ್ತು. ಬೇವಿನ ಕಡೆಯಿಂದ ಬಿಳಿ ಗಂಟಲಿನದು ಅದರ ಜಾಗಕ್ಕೆ ಬಂದಿತ್ತು. ಕೆಂಪು ಅದನ್ನು ಅಟ್ಟಿಸಿಕೊಂಡು ಹೋಯಿತು. ಹುಣಸೆಯ ಗಡಿ ದಾಟುವವರೆಗೆ ಅಟ್ಟಿ, ತನ್ನ ಕೊಂಬೆಗೆ ವಾಪಸು ಬಂದು ಕುಳಿತಿತು.

ಅವತ್ತು ನಾನು ಮೊದಲ ಸಲ ಗಂಟಲು ಬಿಟ್ಟು ಉಳಿದದ್ದನ್ನು ನೋಡಿದೆ. ಕುಳಿತ ಕೂಡಲೇ ರೆಕ್ಕೆಗಳನ್ನು ಸ್ವಲ್ಪ ಕೆಳಗೆ ಇಳಿಬಿಡುತ್ತದೆ. ಬಾಲವನ್ನು ಚಟ್ಟನೆ ಮೇಲಕ್ಕೆತ್ತಿ ನಿಧಾನ ಇಳಿಸುತ್ತದೆ. ಎತ್ತಿದಾಗ ಕಪ್ಪು ಬಾಲದ ಬುಡದಲ್ಲಿ ಎರಡೂ ಪಕ್ಕಕ್ಕೆ ಬಿಳಿ ಕಾಣುತ್ತದೆ. ಬಾಲ ಎತ್ತುವಾಗಲೇ ಆ ಕಾಳು ಅಲ್ಲಾಡಿಸಿದ ಸದ್ದು. ಎದ್ದು ಬೇವಿನ ಕಡೆಗೆ ಹೋದೆ. ಅಲ್ಲಿ ಬಿಳಿ ಗಂಟಲಿನದು ಕುಳಿತಿತ್ತು. ಅದೇ ರೆಕ್ಕೆ, ಅದೇ ಬಾಲ, ಬುಡದಲ್ಲಿ ಅದೇ ಎರಡು ಬಿಳಿ, ಅದೇ ಸದ್ದು. ಯಾವ ಗುಬ್ಬಿಯೂ ಹಾಗೆ ಮಾಡುವುದಿಲ್ಲ. ಮಳೆ ಏನನ್ನೂ ತೊಳೆದಿರಲಿಲ್ಲ. ಮೊದಲಿನಿಂದಲೂ ಎರಡು ಇದ್ದವು. ಮಳೆಯ ಮೇಲೆ ಕೆಂಪಿನದು ಎತ್ತಲೋ ಹೋಗಿದ್ದಾಗ ಬಿಳಿಯದು ಅದರ ಕೊಂಬೆಗೆ ಬಂದಿತ್ತು, ಅಷ್ಟೇ. ನಾನು ಮಾತ್ರ ಒಂದನ್ನು ನೋಡಿ, ಆಮೇಲೆ ಇನ್ನೊಂದನ್ನು ನೋಡಿ, ಎರಡನ್ನೂ ಒಂದು ಮಾಡಿ, ನಿಜ ಬರೆದಿದ್ದ ಹುಡುಗಿಯ ಕೈಯಿಂದ ಅದನ್ನು ಹೊಡೆಸಿಬಿಟ್ಟಿದ್ದೆ.

ಸಂಜೆ ಬಸಣ್ಣನಿಗೆ ಫೋನು ಮಾಡಿಸಿ ಬಾಲದ ಸಂಗತಿಯಿಂದಲೇ ಶುರು ಮಾಡಿದೆ. ಅವನು ತನ್ನ ಸಾಹೇಬರನ್ನು ಕೇಳಿ ಮರುದಿನವೇ ಹೇಳಿದ.

"ಕೆಂಪೆದಿ ನೊಣಹಿಡುಕ ಅಂತಾರಂತ, ವೈನಿ. ಗಂಡಿಗಷ್ಟ ಕೆಂಪು, ಹೆಣ್ಣಿಗೂ ಎಳೇವಕ್ಕೂ ಇಲ್ಲಂತ. ಬರಫ ಬೀಳೋ ದೇಶದಿಂದ ಚಳಿಗಾಲಕ್ಕ ಬಂದು, ಒಂದೊಂದು ಒಂದೊಂದು ಗಿಡಾ ಹಿಡಕೊಂಡು ಇರತಾವಂತ. ಬ್ಯಾರೇದು ಬಂದರ ಓಡಸತಾವ. ಬ್ಯಾಸಗಿ ಹತ್ತತಿದ್ದಂಗ ಹೊಂಟ ಹೋಗತಾವ. ಬಾಲದ ಬಿಳಿ ಕೇಳಿದ ಕೂಡಲೆ ಸಾಹೇಬರು ಹೆಸರು ಹೇಳಿದ್ರು ನೋಡ್ರಿ."

ಹೆಸರಿಟ್ಟವರೂ ನನ್ನ ಹಾಗೆ ಕೆಂಪನ್ನೇ ನೋಡಿದ್ದಾರಲ್ಲ, ಹೆಣ್ಣು ಹಕ್ಕಿಗೆ ಆ ಹೆಸರು ಹೊಂದುವುದೇ ಇಲ್ಲವಲ್ಲ ಎಂದು ಆ ಸಿಟ್ಟಿನಲ್ಲೂ ಅನ್ನಿಸಿತು.

ನೀಲಾಗೆ ಹೇಳಿದೆ. "ಆತು ಬಿಡು" ಎಂದಳು. ವರ್ಗದವರ ಮುಂದೆ ಹೋದ ಮಾತು ಮನೆಯಲ್ಲಿ ಹೇಳಿದರೆ ವಾಪಸು ಬರುವುದಿಲ್ಲ ಎಂದು ನನಗೂ ಗೊತ್ತಿತ್ತು. ಶಾಲೆಗೆ ಹೋಗಬೇಕಿತ್ತು. ಮೊದಲ ದಿನ ಗೇಟಿನ ತನಕ ಹೋಗಿ, ಯಾರೋ ಮಾಸ್ತರು ಯಾರು ಬೇಕು ಎಂದು ಕೇಳಿದ್ದಕ್ಕೆ ಯಾರೂ ಬೇಡ ಎಂದು ಬಂದೆ. ಎರಡನೆಯ ದಿನ ಜಗಲಿಯವರೆಗೆ ಹೋದೆ. ಒಳಗೆ ಅಕ್ಕೋರ ದನಿ ಕೇಳಿದ ಕೂಡಲೇ, ಐವತ್ತು ವರ್ಷದ ಹಿಂದಿನ ಹಾಗೆ, ಅಂಗೈಯನ್ನು ಸೆರಗಿನೊಳಗೆ ಎಳೆದುಕೊಂಡೆ. ತಿರುಗಿ ಬಂದೆ. ಮೂರನೆಯ ದಿನ ಫಕೀರವ್ವ ಕೆಲಸ ಬಿಟ್ಟು ನನ್ನ ಜೊತೆಗೆ ಬಂದಳು.

"ಗುಬ್ಬಿ ಅಂದಾಕಿ ನಾನು. ನಂದೂ ಪಾಲೈತಿ" ಎಂದು ಜಗಲಿಯವರೆಗೆ ತಂದು, ಒಳಗೆ ಮಾತ್ರ ಬರಲಿಲ್ಲ. "ಒಳಗ ನೀನ ಹೋಗಬೇ. ನನಗ ಶಾಲಿ ಅಂದ್ರ ಅಂಜಿಕಿ."

ಅಕ್ಕೋರು ಒಳ್ಳೆಯವರು. ಕುರ್ಚಿ ಹಾಕಿಸಿದರು. ನಾನು ಕೂರಲಿಲ್ಲ, ಕೂತರೆ ಮಾತು ಬರುವುದಿಲ್ಲ ಎಂದು ಗೊತ್ತಿತ್ತು. ನೀಲಾ ಮೂರನೆಯ ಸಾಲಿನಲ್ಲಿದ್ದಳು. ಅವಳ ಕಡೆ ನೋಡದೆ ಗೋಡೆಯ ನಕಾಶೆ ನೋಡುತ್ತ ಹೇಳಿದೆ: "ನೀಲಾ ಬರದದ್ದು ಖರೇ ಇತ್ರಿ. ಹೊಡದ ಹಾಕು ಅಂದಾಕಿ ನಾನು. ತಪ್ಪು ನಂದು. ಆ ಹಕ್ಕಿ ಐತಿ."

ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಕೇಳಿದ: "ಹಂಗಾದ್ರ ಮಳ್ಯಾಗ ಬಣ್ಣ ಎಲ್ಲಿ ಹೋತ್ರಿ, ಅಜ್ಜಿ?"

"ಬಣ್ಣ ಎಲ್ಲೂ ಹೋಗಿಲ್ಲಪ. ಅದು ಬ್ಯಾರೆ. ಬಣ್ಣ ಇಲ್ಲದಾಕಿ."

ನಕ್ಕರು. ನಾನು ಬಾಲದ ವಿಷಯ, ಬುಡದ ಬಿಳಿಯ ವಿಷಯ ಹೇಳಬೇಕೆಂದು ರಾತ್ರಿಯೆಲ್ಲ ಮನಸ್ಸಿನಲ್ಲಿ ಜೋಡಿಸಿಕೊಂಡು ಬಂದಿದ್ದೆ. ಅದೆಲ್ಲ ಮರೆತು ಹೋಯಿತು. ಹೆಸರು ಒಂದನ್ನು ಹೇಳಿದೆ. ಅಕ್ಕೋರು ಅದನ್ನು ಕಪ್ಪುಹಲಗೆಯ ಮೇಲೆ ಬರೆದರು.

"ಪ್ರದರ್ಶನ ಮುಗದ ಹೋತಲ್ರಿ ಅಜ್ಜಿ, ಅದಕ್ಕ ನಾ ಏನೂ ಮಾಡಾಕ ಆಗೂದಿಲ್ಲ. ನೀಲಾ, ನಿನ್ನ ಪುಸ್ತಕದಾಗ ಮತ್ತ ಸೇರಿಸಿ ಬರಕೋವಾ" ಎಂದರು.

ನೀಲಾ ಎದ್ದು ನಿಂತಳು. "ಬ್ಯಾಡ್ರಿ ಅಕ್ಕೋರ" ಎಂದು ಕುಳಿತಳು.

ಸಂಜೆ ಅವಳನ್ನು ಕರೆದುಕೊಂಡು ಬರುವಾಗ ರೈಲ್ವೆ ಗೇಟು ಹಾಕಿತ್ತು. ಅಲ್ಲಿ ನಿಂತಾಗ ಕೇಳಿದೆ:

"ಯಾಕ ಬ್ಯಾಡ ಅಂದಿ? ಅಕ್ಕೋರ ಬರಕೋ ಅಂದ್ರಲ್ಲ."

"ನಾ ನೋಡಿಲ್ಲಲ್ಲ" ಎಂದಳು. ಸಿಟ್ಟಿನ ದನಿಯಲ್ಲ. "ನೀ ಐತಿ ಅಂದಾಗ ಬರದೆ. ಇಲ್ಲ ಅಂದಾಗ ಹೊಡದೆ. ಈಗ ಮತ್ತ ಐತಿ ಅಂತಿ. ನಾ ನೋಡಿದ ಮ್ಯಾಲೆ ಬರೀತೇನಿ."

ಗೂಡ್ಸ್ ಗಾಡಿ ಹೋಗಿ ಮುಗಿಯಿತು. ಗೇಟು ತೆರೆದ ಮೇಲೆ "ನಾಳೆ ಮುಂಜಾನೆ ಹೋಗೂಣು" ಅಂದೆ. ಆಗಲಿ ಅಂದಳು.

ಮರುದಿನ ಶಾಲೆಗೆ ಮೊದಲು ಇಬ್ಬರೂ ಹೋದೆವು. ಅದರ ಮರುದಿನವೂ ಹೋದೆವು. ಹತ್ತು ದಿನ ಹೋದೆವು. ಅವಳು ನನ್ನನ್ನು ಏನೂ ಕೇಳದೆ ಒಂದೊಂದು ಕೊಂಬೆಯನ್ನೂ ತಾನೇ ನೋಡುತ್ತಿದ್ದಳು. ಬಿಸಿಲು ಹೆಚ್ಚಿತ್ತು, ಹುಣಸೆಯ ಎಲೆ ಉದುರುತ್ತಿತ್ತು. ಹತ್ತನೆಯ ದಿನ ಮೇಲೆ ಎಲ್ಲೋ ಟರ್‌ರ್‌ರ್ ಎಂದಿತು. ನಾನು ನೀಲಾಳ ಭುಜ ಹಿಡಿದೆ. ಅವಳು ಬಹಳ ಹೊತ್ತು ನೋಡಿದಳು. ಕೊಂಬೆಯ ಹಿಂದಿನಿಂದ ಅಳಿಲೊಂದು ಇಳಿದು ಬಂತು. ಸದ್ದು ಅದರದಲ್ಲ, ಅಳಿಲು ಹಾಗೆ ಕೂಗುವುದೇ ಇಲ್ಲ, ಅದು ಈಗ ನನಗೆ ಚೆನ್ನಾಗಿ ಗೊತ್ತಿತ್ತು.

"ಅಳ್ಳಿ" ಎಂದಳು ನೀಲಾ. ಅಳಿಲಿಗೆ ನಮ್ಮ ಕಡೆಯ ಹೆಸರು ಅದು.

ಅಲ್ಲ, ಆ ಹಕ್ಕಿಯೇ ಅದು ಎಂಬ ಮಾತು ನನ್ನ ಬಾಯಿಯವರೆಗೆ ಬಂತು. ನುಂಗಿಕೊಂಡು, ಅವಳು ನೋಡುತ್ತಿದ್ದ ಕಡೆಗೇ ನಾನೂ ನೋಡುತ್ತ ನಿಂತೆ.